ಸಂಶೋಧನೆಗೆ ಅನುದಾನ, ಪುಸ್ತಕಗಳಿಗೆ ಲಾರಿ

ಅಸಹ್ಯ ಎಂಬ ಪದವನ್ನು ನಾನು ಕೈಬಿಚ್ಚಿ ಖರ್ಚು ಮಾಡುವವನಲ್ಲ. ನಮ್ಮ ಕಾಲೇಜಿನ ಕ್ಯಾಂಟೀನಿನ ಸಾಂಬಾರಿನ ವಿಷಯದಲ್ಲಿ ಕೂಡ ಸೇವಾವಧಿಯುದ್ದಕ್ಕೂ ಅದನ್ನು ಬಳಸದೆ ಸಂಯಮ ತೋರಿದ್ದೇನೆ. ಆದರೆ ನಮ್ಮ ವಿದ್ಯಾಸಂಸ್ಥೆಯು ಗ್ರಂಥಪಾಲಕರ ಸಂಶೋಧನೆಗೆಂದು ಆಂತರಿಕ ಅನುದಾನ ದಯಪಾಲಿಸಿದ ಆ ವರ್ಷವನ್ನು ನೆನೆದರೆ ಬೇರೆ ಪದ ಒದಗುವುದಿಲ್ಲ. ಹುಡುಕದೆ ಹೇಳುತ್ತಿಲ್ಲ. ನಿಘಂಟುಗಳ ಬೀರು ನನ್ನ ಕುರ್ಚಿಯ ಹಿಂದೆಯೇ ಇತ್ತು.

ನಾನು ನಂಜನಗೂಡಿನ ಕಾಲೇಜಿನಲ್ಲಿ ಗ್ರಂಥಪಾಲಕನಾಗಿದ್ದೆ. ಅದೇ ಸಂಸ್ಥೆಯ ಇನ್ನೊಂದು ಕಾಲೇಜು ಟಿ. ನರಸೀಪುರದಲ್ಲಿತ್ತು. ತೊಂಬತ್ತರ ದಶಕದ ಆರಂಭದಲ್ಲಿ ನಾನು ಕೆಲಸಕ್ಕೆ ಸೇರಿದಾಗ ಎರಡೂ ಕಡೆ ಗ್ರಂಥಾಲಯ ಎಂದರೆ ಉಕ್ಕಿನ ಬೀರುಗಳ ಒಂದು ಸಾಲು, ಸಾಲಿನ ಮುಂದೆ ತಂತಿಯ ಜಾಲರಿ, ಜಾಲರಿಯಲ್ಲಿ ಕೈ ತೂರುವಷ್ಟು ಒಂದು ಕಿಂಡಿ. ಸಬ್‌ಜೈಲಿಗೂ ನಮಗೂ ಇದ್ದ ವ್ಯತ್ಯಾಸವೆಂದರೆ ಅಲ್ಲಿ ಒಳಗಿದ್ದವರಿಗೆ ಎಂದಾದರೊಂದು ದಿನ ಬಿಡುಗಡೆಯಾಗುತ್ತಿತ್ತು. ಪುಸ್ತಕ ಕಳೆದರೆ ಅದರ ಬೆಲೆಯನ್ನು ಗ್ರಂಥಪಾಲಕನ ಸಂಬಳದಲ್ಲಿ ಹಿಡಿದುಕೊಳ್ಳುವ ಸತ್ಸಂಪ್ರದಾಯ ನಮ್ಮಲ್ಲಿತ್ತು. ಗೆದ್ದಲು ತಿಂದರೆ ಮಾತ್ರ ಹಿಡಿಯುತ್ತಿರಲಿಲ್ಲ. ಹೀಗಾಗಿ ವಿದ್ಯಾರ್ಥಿ ಓದುವುದಕ್ಕಿಂತ ಗೆದ್ದಲು ಓದುವುದೇ ಗ್ರಂಥಪಾಲಕನ ಸಂಸಾರಕ್ಕೆ ಕ್ಷೇಮಕರವಾಗಿತ್ತು.

ಚಿಕ್ಕಯ್ಯನಛತ್ರದ ಕಡೆಯಿಂದ ಬರುತ್ತಿದ್ದ ಹುಡುಗರು ಕಿಂಡಿಯ ಮುಂದೆ ನಿಂತು ಕೇಳುತ್ತಿದ್ದರು: "ಸಾ, ಎಕನಾಮಿಕ್ಸು ಕೊಡಿ ಸಾ."

"ಯಾರು ಬರೆದದ್ದು?"

"ಯಾರ್ ಬರ್ದಿದ್ರೂ ಆಯ್ತದೆ ಸಾ. ತೆಳ್ಳಗಿರೋದು ಕೊಡಿ."

ಅವರ ತಪ್ಪಲ್ಲ. ಬೀರುವಿನೊಳಗೆ ಏನಿದೆ ಎಂದು ಕಂಡವರು ತಾನೇ ಹೆಸರು ಹಿಡಿದು ಕೇಳುವುದು?

ನರಸೀಪುರದ ಗ್ರಂಥಪಾಲಕಿ ಬಂದದ್ದು ಆ ದಶಕದ ಕೊನೆಗೆ. ಮುಡುಕುತೊರೆ ಕಡೆಯ ಕೂಲಿ ಮನೆತನದ ಹೆಣ್ಣುಮಗಳು, ಅವರ ಕೇರಿಯಲ್ಲಿ ಮೊದಲು ಪದವಿ ಕಂಡವರು. "ನಮ್ಮನೇಲಿ ಇದ್ದ ಪುಸ್ತಕ ಒಂದೇ ಸಾ, ಬ್ಯಾಂಕಿನ ಪಾಸ್‌ಬುಕ್ಕು. ಅದ್ರಲ್ಲೂ ಕತೆ ಏನಿರ್ನಿಲ್ಲ" ಎಂದು ನಗುತ್ತಿದ್ದರು. ಆಕೆಯ ನೇಮಕ ತಾತ್ಕಾಲಿಕ. ಜೂನ್‌ನಲ್ಲಿ ಆದೇಶ, ಮಾರ್ಚ್ ಕೊನೆಗೆ ವಿದಾಯ, ಮತ್ತೆ ಜೂನ್‌ನಲ್ಲಿ ಹೊಸ ಆದೇಶ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಆಕೆ ಈ ಭೂಮಿಯ ಮೇಲೆ ಇರುವುದನ್ನು ಸಂಸ್ಥೆ ಒಪ್ಪುತ್ತಿರಲಿಲ್ಲ. ಸತತ ಸೇವೆ ಎಂದು ಯಾರೂ ಕೋರ್ಟಿಗೆ ಹೋಗದ ಹಾಗೆ ಮಾಡಿಕೊಂಡ ಏರ್ಪಾಡು ಅದು. ಆ ಎರಡು ತಿಂಗಳು ಕಚೇರಿಯವರು ಗ್ರಂಥಾಲಯದ ಕೋಣೆಗೇ ಬೀಗ ಹಾಕುತ್ತಿದ್ದರು. ಆಕೆ ಯಾರದೋ ಹೊಲದಲ್ಲಿ ಕಳೆ ಕೀಳುತ್ತಿದ್ದರು.

ಬಂದ ಮೊದಲ ವರ್ಷವೇ ಆಕೆ ಬೀರುಗಳನ್ನು ತೆರೆದಿಟ್ಟರು. ಕೇಳಿದವರಿಗೆ ಹೊಳೆಯ ತೇವಕ್ಕೆ ಬೀಗಗಳು ತುಕ್ಕು ಹಿಡಿದಿವೆ ಎಂದರು. ಹೊಸ ಬೀಗ ಕೊಳ್ಳಬೇಕಾದರೆ ಮೂರು ಅಂಗಡಿಯಿಂದ ದರಪಟ್ಟಿ ತರಿಸಬೇಕು, ಖರೀದಿ ಸಮಿತಿ ಸೇರಬೇಕು. ಸಮಿತಿ ಸೇರಲಿಲ್ಲ. ಜ್ಞಾನಭಂಡಾರ ಹೀಗೆ ಸೋಮಾರಿತನದ ಕೃಪೆಯಿಂದ ಸಾರ್ವಜನಿಕರಿಗೆ ಮುಕ್ತವಾಯಿತು. ಪುಸ್ತಕ ಕಳೆದರೆ ಹಿಡಿದುಕೊಳ್ಳಲು ಆಕೆಯ ಸಂಬಳದಲ್ಲಿ ಹೆಚ್ಚೇನೂ ಇರಲಿಲ್ಲ ಎಂಬುದೂ ಆ ಧೈರ್ಯಕ್ಕೆ ಒಂದು ಕಾರಣವಿರಬಹುದು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ, ಕಾಲೇಜುಗಳ ಗುಣಮಟ್ಟ ಅಳೆಯುವ ತಂಡವೊಂದು ನಮ್ಮ ಎರಡೂ ಕಾಲೇಜಿಗೆ ಬರಲಿದೆ ಎಂಬ ವಾರ್ತೆ ಬಂತು. ತಂಡದವರ ಪಟ್ಟಿಯಲ್ಲಿ ಸಂಶೋಧನೆಗೆ ಪ್ರತ್ಯೇಕ ಅಂಕವಿದೆ ಎಂದು ಗೊತ್ತಾದದ್ದೇ ನಮ್ಮ ಆಡಳಿತ ಮಂಡಳಿಗೆ ಸಂಶೋಧನೆಯ ಮೇಲೆ ಅಪಾರ ಪ್ರೀತಿ ಉಕ್ಕಿತು. ಜೂನ್‌ನಲ್ಲಿ ಎರಡೂ ಕಾಲೇಜಿನ ಸಿಬ್ಬಂದಿಯನ್ನು ನಂಜನಗೂಡಿನಲ್ಲಿ ಸೇರಿಸಿದರು. ವೇದಿಕೆಯ ಮೇಲೆ ಸಂಸ್ಥೆಯ ಕಾರ್ಯದರ್ಶಿಗಳು, ಪಕ್ಕದಲ್ಲಿ ನಮ್ಮ ಪ್ರಾಂಶುಪಾಲರು. ಕಾರ್ಯದರ್ಶಿಗಳು ಅಕ್ಕಿ ಗಿರಣಿಯ ಮಾಲೀಕರು. ಮಠದ ಭಕ್ತರು, ಬಿಳಿಯ ಪಂಚೆ, ಹಣೆಯ ತುಂಬ ವಿಭೂತಿ, ಮಾತು ಬೆಣ್ಣೆ. ಭತ್ತದಲ್ಲಿ ಕಲ್ಲೆಷ್ಟು ಎಂದು ಮುಷ್ಟಿಯಲ್ಲಿ ಹಿಡಿದೇ ಹೇಳಬಲ್ಲವರು. ಮನುಷ್ಯರನ್ನೂ ಹಾಗೇ ಹಿಡಿದು ನೋಡುತ್ತಿದ್ದರು.

ಅನುದಾನದ ಘೋಷಣೆಯಾಯಿತು. ಯಾರು ಸಂಶೋಧನೆ ಮಾಡುತ್ತೀರಿ, ಕೈಯೆತ್ತಿ ಎಂದರು. ಅಧ್ಯಾಪಕರೆಲ್ಲ ಒಟ್ಟಾಗಿ ಫ್ಯಾನು ನೋಡತೊಡಗಿದರು. ಒಬ್ಬರಿಗೆ ಮಗಳ ಮದುವೆ, ಒಬ್ಬರಿಗೆ ಪತ್ರಿಕೆ ತಿದ್ದುವ ಕೆಲಸ, ಒಬ್ಬರಿಗೆ ಸೊಂಟ. ಕಾರ್ಯದರ್ಶಿಗಳ ದೃಷ್ಟಿ ಕಡೆಯ ಸಾಲಿಗೆ ಬಂತು. ಅಲ್ಲಿ ಕೂತಿದ್ದವರು ಗ್ರಂಥಪಾಲಕರಾದ ನಾವಿಬ್ಬರೇ.

"ನೀವೇನ್ ಮಾಡ್ತೀರಿ ಲೈಬ್ರರಿ ಮೇಷ್ಟ್ರೇ? ಗೆದ್ಲು ಮೇಲೆ ಸಂಶೋಧ್ನೆನಾ?"

"ಗೆದ್ಲಿಗೆ ಅನುದಾನ ಬೇಕಿಲ್ಲ ಯಜಮಾನ್ರೇ. ಅದು ಸ್ವಂತ ಖರ್ಚಲ್ಲೇ ಓದ್ತಾ ಇದೆ" ಎಂದೆ.

ಸಭೆ ನಕ್ಕಿತು. ಅವರೂ ನಕ್ಕರು. ಆ ನಗು ಇಳಿಯುವ ಮೊದಲೇ ಪಕ್ಕದಲ್ಲಿ ಆಕೆ ಎದ್ದು ನಿಂತದ್ದು ನನಗೆ ಗೊತ್ತೇ ಆಗಲಿಲ್ಲ.

"ಸಾ, ನಂದೊಂದದೆ."

"ಏನಮ್ಮ ಅದು?"

"ಬೀರು ತೆಗ್ದಿಟ್ರೆ ಐಕ್ಳು ಏನ್ ಓದ್ತವೆ ಅಂತ ನೋಡ್ಬೇಕು ಸಾ."

"ಓದ್ತವಾ?"

"ಅದ್ನೇ ಸಾ ನೋಡ್ಬೇಕಾಗಿರೋದು."

ಗ್ರಂಥಪಾಲಕರು ಬೋಧಕ ವರ್ಗಕ್ಕೆ ಸೇರುತ್ತಾರೋ ಇಲ್ಲವೋ ಎಂದು ಪ್ರಾಂಶುಪಾಲರು ಸಂಶಯ ಎತ್ತಿದರು. ಬೇರೆ ಯಾರೂ ಕೈಯೆತ್ತಿಲ್ಲವೆಂಬ ಕಾರಣಕ್ಕೆ ಸೇರುತ್ತಾರೆಂದು ತೀರ್ಮಾನವಾಯಿತು. ಆಗ ಕಾರ್ಯದರ್ಶಿಗಳು ಎಲ್ಲರೂ ಕೇಳುವ ಹಾಗೆ ಹೇಳಿದರು: "ಮಾಡಮ್ಮ. ವರ್ಷದ ಕೊನೆಗೆ ವರದಿ ತಂದು ನನ್ ಮೇಜಿನ ಮೇಲೆ ಮಡಗು. ಅದರ ಪಕ್ಕದಲ್ಲೇ ನಿನ್ ಕಾಯಂ ಆರ್ಡ್ರು ನಾನ್ ಮಡಗ್ತೀನಿ. ದೇವ್ರ ಸಮಾನವಾದ ಸಭೇಲಿ ಹೇಳ್ತಿದೀನಿ."

ಆಕೆ ಕುಳಿತರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಮಾಡುತ್ತಿದ್ದರು. "ಸಾ, ಎಲ್ರೂ ಕೇಳುಸ್ಕಂಡ್ರಲ್ವಾ?" ಎಂದು ನನ್ನನ್ನು ಮೆಲ್ಲಗೆ ಕೇಳಿದರು. ಕೇಳಿಸಿಕೊಂಡರು ಎಂದೆ. ಹನ್ನೆರಡು ತಿಂಗಳ ಸಂಬಳ, ಬೇಸಿಗೆಯಲ್ಲೂ ತೆರೆದ ಕೋಣೆ. ಆಕೆಗೆ ಬೇಕಾಗಿದ್ದದ್ದು ಇಷ್ಟೇ, ಮತ್ತು ಅದೀಗ ಒಂದು ವರದಿಯಷ್ಟು ದೂರದಲ್ಲಿತ್ತು.

ಅನುದಾನ ಬಂದ ಬಗೆ ಹೇಳಬೇಕು. ಆಂತರಿಕ ಎಂಬುದರ ಅರ್ಥ ನನಗೆ ಆಗ ತಿಳಿಯಿತು: ಆ ವರ್ಷ ನರಸೀಪುರದ ಗ್ರಂಥಾಲಯ ಪುಸ್ತಕ ಕೊಳ್ಳಬೇಕಾಗಿದ್ದ ಹಣವನ್ನೇ ಕಿತ್ತು ಸಂಶೋಧನೆಗೆ ಕೊಟ್ಟಿದ್ದರು. ಎಡಗೈಯಲ್ಲಿದ್ದುದನ್ನು ಬಲಗೈಗೆ ದಾಟಿಸಿ ದಾನ ಮಾಡಿದೆವೆಂದು ಶಂಖ ಊದಿದ ಹಾಗೆ. ಅದರಲ್ಲೂ ಮೊದಲ ಪಾಲು ಅನುದಾನದ ಉದ್ಘಾಟನೆಗೆ ಹೋಯಿತು. ಉದ್ಘಾಟನೆ ಎಂದ ಮೇಲೆ ಫ್ಲೆಕ್ಸು ಬೇಕು, ಅತಿಥಿಗೆ ಮೈಸೂರು ಪೇಟ ಬೇಕು, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ ಬೇಕು, ಎಲ್ಲರಿಗೂ ಕೇಸರಿಬಾತು ಖಾರಾಬಾತು ಬೇಕು. ಫ್ಲೆಕ್ಸಿನಲ್ಲಿ ಕಾರ್ಯದರ್ಶಿಗಳ ಮುಖ ಹಸುವಿನ ಮೋರೆಯಷ್ಟು ದೊಡ್ಡದಾಗಿತ್ತು. ಸಂಶೋಧಕಿಯ ಹೆಸರಿಗೆ ಜಾಗ ಸಾಲಲಿಲ್ಲ. ಅತಿಥಿಗಳು ಸಂಶೋಧನೆ ಎಂದರೆ ತಪಸ್ಸು ಎಂದು ಬಹಳ ಹೊತ್ತು ಮಾತಾಡಿ ಬುಟ್ಟಿಯೊಂದಿಗೆ ಕಾರು ಹತ್ತಿದರು. ಎಲ್ಲ ಮುಗಿದ ಮೇಲೆ ತಪಸ್ವಿನಿಯ ಕೈಗೆ ಬಂದದ್ದು ಒಂದು ಡಬ್ಬ ಪೆನ್ಸಿಲ್ಲು ಮತ್ತು ನಮ್ಮ ಕಾಲೇಜು ಬೇಡವೆಂದು ಮೂಲೆಗೆ ಹಾಕಿದ್ದ ಉದ್ದನೆಯ ಒಂದು ಮೇಜು. ಮೇಜಿನ ಒಂದು ಕಾಲು ಕುಂಟು. ಕೇಸರಿಬಾತಿನಲ್ಲಿ ಗೋಡಂಬಿ ಇತ್ತು ಎಂಬುದನ್ನು ನ್ಯಾಯದೃಷ್ಟಿಯಿಂದ ದಾಖಲಿಸುತ್ತೇನೆ.

ಆಕೆಯ ವಿಧಾನ ಸರಳವಾಗಿತ್ತು. ಗ್ರಂಥಾಲಯದ ಪ್ರತಿ ಪುಸ್ತಕದ ಕೊನೆಯ ಹಾಳೆಗೆ ಒಂದು ಚೀಟಿ ಅಂಟಿಸಿರುತ್ತಾರೆ. ಮನೆಗೆ ಒಯ್ದರೆ ಹಿಂದಿರುಗಿಸುವ ದಿನಾಂಕವನ್ನು ಅದರ ಮೇಲೆ ಒತ್ತುತ್ತಾರೆ. ಆದರೆ ಅಲ್ಲೇ ಕೂತು ಓದಿಟ್ಟುಹೋದ ಪುಸ್ತಕಕ್ಕೆ ಯಾವ ಗುರುತೂ ಉಳಿಯುವುದಿಲ್ಲ. ನಮ್ಮ ಕಡೆಯ ಮಕ್ಕಳು ಓದುವುದು ಬಹಳಮಟ್ಟಿಗೆ ಹೀಗೆ. ಮನೆಗೆ ಒಯ್ದರೆ ಸೋರುವ ಸೂರು, ಎಮ್ಮೆ, ತಂಗಿಯ ಕೈ, ಯಾವುದನ್ನೂ ನಂಬುವಂತಿಲ್ಲ. ಆಕೆ ಗೋಡೆಯ ಮೇಲೆ ಬರೆದು ಹಾಕಿದರು: ಓದಿದ ಪುಸ್ತಕ ಬೀರುವಿಗೆ ಇಡಬೇಡಿ, ಮೇಜಿನ ಮೇಲೆ ಬಿಟ್ಟುಹೋಗಿ. ದಿನವೂ ಸಂಜೆ ಮೇಜಿನ ಮೇಲಿದ್ದ ಒಂದೊಂದು ಪುಸ್ತಕದ ಚೀಟಿಯ ಮೂಲೆಯಲ್ಲೂ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟು ಒಳಗಿಡುತ್ತಿದ್ದರು. ಅಷ್ಟೇ. ವರ್ಷದ ಕೊನೆಗೆ ಚುಕ್ಕೆಗಳನ್ನು ಎಣಿಸಿದರೆ ಯಾವ ಪುಸ್ತಕ ಕೈಯಿಂದ ಕೈಗೆ ಎಷ್ಟು ಓಡಾಡಿತೆಂದು ತಿಳಿಯುತ್ತಿತ್ತು.

ನಾನು ಆಗಾಗ ಶನಿವಾರ ಮಧ್ಯಾಹ್ನದ ಬಸ್ಸು ಹಿಡಿದು ನೋಡಲು ಹೋಗುತ್ತಿದ್ದೆ. ಸಂಶೋಧನೆಯ ಮಾರ್ಗದರ್ಶಕನೆಂದು ನನ್ನ ಹೆಸರು ಹಾಕಿದ್ದರು, ಖರ್ಚಿಲ್ಲದ ಪದವಿ. ಹೋದಾಗಲೆಲ್ಲ ಆ ಕುಂಟು ಮೇಜಿನ ಸುತ್ತ ತಲೆಗಳು. ಬಾಣಂತಿಯ ಆರೈಕೆಯ ಪುಸ್ತಕದ ಮೂಲೆ ಚುಕ್ಕೆಗಳಿಂದ ಕಪ್ಪಾಗಿತ್ತು. ದನಗಳ ಕಾಯಿಲೆಯ ಕೈಪಿಡಿಯನ್ನು ಕಾಮರ್ಸ್ ಹುಡುಗರು ಸರದಿಯಲ್ಲಿ ಓದುತ್ತಿದ್ದರು. ಗೇಣಿ ಜಮೀನಿನ ಕಾನೂನಿನ ದಪ್ಪ ಪುಸ್ತಕ, ನನ್ನ ಕಾಲೇಜಿನಲ್ಲಿ ಅದರ ಇನ್ನೊಂದು ಪ್ರತಿ ಬೀರುವಿನಲ್ಲಿ ಕೊಳೆಯುತ್ತಿತ್ತು, ಇಲ್ಲಿ ಓದಿ ಓದಿ ಬೆನ್ನು ಬಿಟ್ಟುಕೊಂಡಿತ್ತು. ಕಾದಂಬರಿಗಳಿಗೆ ಬಸ್ಸು ತಡವಾದ ದಿನ ಹೆಚ್ಚು ಚುಕ್ಕೆ.

"ಇದ್ಯಾಕಮ್ಮ, ಇದಕ್ಕೂ ಒಂದು ಚುಕ್ಕೆ ಇದೆ?" ಎಂದು ಒಮ್ಮೆ ಕೇಳಿದೆ. ಅದು ಕಾರ್ಯದರ್ಶಿಗಳ ಅರವತ್ತನೇ ಹುಟ್ಟುಹಬ್ಬದ ಅಭಿನಂದನ ಗ್ರಂಥ. ಅದರ ಪ್ರತಿಗಳೇ ಒಂದು ಬೀರು ತುಂಬಿದ್ದವು.

"ಅದು ನಾನೇ ಸಾ. ಹಲ್ಲಿ ಓಡ್ಸಕ್ಕೆ ತಗಂಡಿದ್ದೆ."

"ಹಾಗಾದ್ರೆ ಚುಕ್ಕೆ ಯಾಕೆ?"

"ಮೇಜಿನ್ ಮೇಲಿತ್ತಲ್ಲ ಸಾ. ಇಡ್ನಿಲ್ಲ ಅಂದ್ರೆ ಸುಳ್ಳಾಗಲ್ವಾ?"

ಪದವಿಗಳನ್ನು ಹೆಸರಿನ ಹಿಂದೆ ಕಟ್ಟಿಕೊಂಡ ಅನೇಕರ ಜೊತೆ ನಾನು ಚಹಾ ಕುಡಿದಿದ್ದೇನೆ. ಇಂಥ ಉತ್ತರ ಕೇಳಿಲ್ಲ.

ಮೌಲ್ಯಮಾಪನದ ತಂಡ ಬೇಸಿಗೆ ಕಾಲಿಡುವ ಹೊತ್ತಿಗೆ ಬರುವುದೆಂದು ಗೊತ್ತಾಯಿತು. ಮೊದಲ ದಿನ ನಂಜನಗೂಡು, ಮಾರನೆಯ ದಿನ ನರಸೀಪುರ. ಇಷ್ಟು ವಿದ್ಯಾರ್ಥಿಗಳಿಗೆ ಇಷ್ಟು ಪುಸ್ತಕ ಇರಬೇಕೆಂಬ ಲೆಕ್ಕಕ್ಕೆ ಎರಡೂ ಕಾಲೇಜುಗಳು ಕಡಿಮೆ ಬೀಳುತ್ತಿದ್ದವು. ಪ್ರಾಂಶುಪಾಲರು ನನ್ನನ್ನು ಕರೆದು ಪರಿಹಾರ ತಿಳಿಸಿದರು. ನರಸೀಪುರದ ಪುಸ್ತಕಗಳು ಮೊದಲ ದಿನಕ್ಕೆ ನಂಜನಗೂಡಿಗೆ ಬರುವುವು. ಸಂಜೆ ಎರಡೂ ಕಾಲೇಜಿನ ಪುಸ್ತಕಗಳು ಒಟ್ಟಾಗಿ ನರಸೀಪುರಕ್ಕೆ ಹೊರಡುವುವು. ನಮ್ಮ ಕಡೆ ಇದು ಹೊಸದಲ್ಲ. ಕಲ್ಯಾಣಮಂಟಪದ ಪಾತ್ರೆ, ಷಾಮಿಯಾನಾ, ಕುರ್ಚಿಗಳ ಹಾಗೆ ಪುಸ್ತಕಗಳೂ ಸಮಾರಂಭದಿಂದ ಸಮಾರಂಭಕ್ಕೆ ಹೋಗಿ ಬರುತ್ತವೆ.

"ಸಾರ್, ನರಸೀಪುರದ್ದು ಸಂಶೋಧನೆಯ ಪುಸ್ತಕಗಳು. ವರ್ಷ ಮುಗಿಯೋವರೆಗೂ ಅಲುಗಾಡಿಸಬಾರದು" ಎಂದೆ.

"ಅಲುಗಾಡ್ಸೋದಿಲ್ಲ ಕಣ್ರೀ. ಲಾರೀಲಿ ಮೆತ್ತಗೆ ತರ್ತೀವಿ."

"ಮಂಡಳಿಯೇ ಅನುದಾನ ಕೊಟ್ಟಿದೆ, ಸಾರ್."

"ಅದಕ್ಕೇ ಹೇಳ್ತಿರೋದು. ಅನುದಾನ ಕೊಟ್ಟಿರೋದು ಯಾತಕ್ಕೆ? ತಂಡಕ್ಕೆ ತೋರ್ಸೋಕೆ. ತಂಡ ಬರ್ತಿರೋದು ಇಲ್ಲಿಗೆ."

ಇಂಥ ತರ್ಕಕ್ಕೆ ಬಾಗಿಲೂ ಇರುವುದಿಲ್ಲ, ಕಿಟಕಿಯೂ ಇರುವುದಿಲ್ಲ. ಅಡ್ಡಿ ಮಾಡಬಾರದೆಂದು ನನ್ನನ್ನು ತಂಡವನ್ನು ಎದುರುಗೊಳ್ಳಲು ಹಾರ ಸಮೇತ ಮೈಸೂರಿಗೆ ಕಳಿಸಿದರು. ಆಕೆಯನ್ನು ರೇಷ್ಮೆ ಸೀರೆ ಉಟ್ಟು ನಂಜನಗೂಡಿನ ಕಾಲೇಜಿನ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಲ್ಲಬೇಕೆಂದು ಮುಂಚಿನ ದಿನವೇ ಕರೆಸಿಕೊಂಡಿದ್ದರು. ಸೀರೆ ಪಕ್ಕದ ಮನೆಯವರದು. ಹೀಗೆ ಗ್ರಂಥಾಲಯಗಳನ್ನು ಸೂರೆ ಮಾಡುವಾಗ ಗ್ರಂಥಪಾಲಕರಿಬ್ಬರೂ ಗೌರವದ ಕೆಲಸದಲ್ಲಿದ್ದೆವು.

ತಂಡದ ಮೂವರು ಹಿರಿಯರೊಂದಿಗೆ ನಾನು ಕಾರಿನಿಂದಿಳಿದಾಗ ಆಕೆ ತಟ್ಟೆ ಬೆಳಗುತ್ತಿದ್ದರು. ಬಾಗಿಲ ಪಕ್ಕದಲ್ಲೇ ಗ್ರಂಥಾಲಯ. ಜಾಲರಿಯನ್ನು ಕಿತ್ತುಹಾಕಿ ಬೀರುಗಳನ್ನು ಹಾರುಹೊಡೆದಿದ್ದರು. ಆಕೆ ಹಾಗೇ ಓರೆಯಾಗಿ ಒಳಗೆ ನೋಡಿದರು. ತನ್ನ ಬಾಣಂತಿ ಪುಸ್ತಕ, ತನ್ನ ದನದ ಕೈಪಿಡಿ, ಬೆನ್ನು ಬಿಟ್ಟ ಗೇಣಿ ಕಾನೂನು, ಎಲ್ಲವೂ ಅಪರಿಚಿತ ಬೀರುಗಳಲ್ಲಿ ನೆಂಟರ ಮದುವೆಗೆ ಬಂದವರ ಹಾಗೆ ಒತ್ತಿಕೊಂಡು ನಿಂತಿದ್ದವು. ಕರ್ಪೂರ ಉರಿಯುತ್ತಿತ್ತು, ತಟ್ಟೆ ಕೆಳಗಿಡುವ ಹಾಗಿರಲಿಲ್ಲ. ತಂಡದವರು ಕಣ್ಣಿಗೊತ್ತಿಕೊಂಡು ಒಳಗೆ ಹೋಗುವವರೆಗೂ ಆಕೆ ನಗುಮುಖದಲ್ಲಿ ನಿಂತೇ ಇದ್ದರು. ಆ ನಗುವನ್ನು ನಾನು ಮರೆಯಲು ಪ್ರಯತ್ನಿಸಿದ್ದೇನೆ.

ಪುಸ್ತಕಗಳು ಬಂದದ್ದು ಕಾರ್ಯದರ್ಶಿಗಳ ಗಿರಣಿಯ ಲಾರಿಯಲ್ಲಿ, ಗಿರಣಿಯ ಗೋಣಿಚೀಲಗಳಲ್ಲಿ. ತಂಡದ ಒಬ್ಬ ಹಿರಿಯರು ಪುಸ್ತಕವೊಂದನ್ನು ಬಿಚ್ಚಿದರು. ಒಂದು ಹಿಡಿ ತೌಡು ಅವರ ಬೂಟಿನ ಮೇಲೆ ಉದುರಿತು.

"ಏನ್ರೀ ಇದು?"

ಪ್ರಾಂಶುಪಾಲರು ಕಣ್ಣು ಮಿಟುಕಿಸಲಿಲ್ಲ. "ಜಿರಳೆಗೆ ಸಾರ್. ರಾಸಾಯನಿಕ ಬಳಸೋದಿಲ್ಲ ನಾವು. ಸಾವಯವ ವಿಧಾನ."

"ಬಹಳ ಸಂತೋಷ" ಎಂದು ಹಿರಿಯರು ಅದನ್ನು ಬರೆದುಕೊಂಡರು. ಮುಂದೆ ಬಂದ ಅವರ ವರದಿಯಲ್ಲಿ ತೌಡು ಅನುಕರಣೀಯ ಪದ್ಧತಿ ಎಂದು ಪ್ರಶಂಸೆ ಪಡೆಯಿತು. ಅಸಹ್ಯಕ್ಕೂ ಒಂದು ಶಿಖರವಿರುತ್ತದೆ, ಇದೇ ಅದು ಎಂದು ನಾನು ಅಂದುಕೊಂಡೆ. ಮೇಲೆ ಇನ್ನೂ ದಾರಿಯಿತ್ತು.

ಆ ಪುಸ್ತಕವನ್ನು ನಾನು ಮೆಲ್ಲಗೆ ತೆಗೆದುಕೊಂಡು ಹಿಂದಿನ ಹಾಳೆ ನೋಡಿದೆ. ನಂಜನಗೂಡಿನ ಕಾಲೇಜಿನ ಹೆಸರಿದ್ದ ಹೊಸ ಚೀಟಿ. ಅಂಟು ಇನ್ನೂ ಹಸಿ. ನರಸೀಪುರದ ಹೆಸರು ಕಾಣಬಾರದೆಂದು ಕಚೇರಿಯವರು ಎಲ್ಲ ಪುಸ್ತಕಕ್ಕೂ ಹೊಸ ಚೀಟಿ ಮೆತ್ತಿದ್ದರು. ಮಾರನೆಯ ದಿನ ನರಸೀಪುರದಲ್ಲಿ ನಂಜನಗೂಡಿನ ಹೆಸರು ಕಾಣಬಾರದೆಂದು ಅದರ ಮೇಲೆ ಮತ್ತೊಂದು. ಅಂಟು ಒಣಗುವಷ್ಟು ಪುರುಸೊತ್ತಿಲ್ಲದ ಕಡೆ ಹಳೆಯ ಚೀಟಿಯನ್ನು ಹಾಳೆ ಸಮೇತ ಹರಿದೇ ಎಸೆದಿದ್ದರು. ಚುಕ್ಕೆಗಳನ್ನು ಕಂಡವರು ಇರಲಿಲ್ಲವೆಂದಲ್ಲ. ಒಬ್ಬರು "ಅದ್ಯಾವ್ದೋ ಪೆನ್ಸಿಲ್ ಗಲೀಜು ಸಾ, ಮುಚ್ಚಿದ್ವಿ" ಎಂದು ನನಗೇ ಹೆಮ್ಮೆಯಿಂದ ಹೇಳಿದರು.

ತಂಡ ಹೋಯಿತು. ಮುಂದಿನ ಶನಿವಾರ ನಾನು ನರಸೀಪುರಕ್ಕೆ ಹೋದಾಗ ಗೋಣಿಚೀಲಗಳ ನಡುವೆ ಆಕೆ ನೆಲದ ಮೇಲೆ ಕೂತಿದ್ದರು. ಅಳುತ್ತಿರಲಿಲ್ಲ. ಪುಸ್ತಕ ತೆಗೆದು ಕೊನೆಯ ಹಾಳೆ ನೋಡಿ ಬದಿಗಿಡುತ್ತಿದ್ದರು, ಇನ್ನೊಂದು ತೆಗೆದು ನೋಡುತ್ತಿದ್ದರು.

"ಎಲ್ಲಾ ಮುಚ್ಚಾಕವ್ರೆ ಸಾ."

"ಕಾರ್ಯದರ್ಶಿಗಳಿಗೆ ಹೇಳಿದ್ರಾ?"

"ಯೋಳ್ದೆ. ಎಷ್ಟೋ ಒಂದು ಬರ್ದು ಕೊಡು ತಾಯಿ, ಬೋ ಓದಿದ್ರು ಅಂತ ಬರೀ, ತಂಡದೋರು ಕಾಪಿ ಕೇಳವ್ರೆ ಅಂದ್ರು. ಎಷ್ಟು ಸಾ ಬೋ ಅಂದ್ರೆ?"

ಗ್ರಂಥಪಾಲಕನಾಗುವ ಮೊದಲು ನಾನು ಬೇಸಿಗೆ ರಜೆಗಳಲ್ಲಿ ಒಂದು ಬೈಂಡಿಂಗ್ ಅಂಗಡಿಯಲ್ಲಿ ಕೂಲಿಗಿದ್ದವನು. ಚೀಟಿಯನ್ನು ಮೂಸಿ ನೋಡಿದೆ. ಮೈದಾ ಅಂಟು. ಒಳ್ಳೆಯ ಅಂಟಿಗೆ ದುಡ್ಡು ಹಾಕುವಷ್ಟು ಉದಾರಿಗಳು ನಮ್ಮವರಲ್ಲ. ಆ ಜಿಪುಣತನಕ್ಕೆ ಒಮ್ಮೆ ಕೈಮುಗಿದೆ. ಒದ್ದೆ ಬಟ್ಟೆಯನ್ನು ಚೀಟಿಯ ಮೇಲೆ ಹಾಸಿ ಸ್ವಲ್ಪ ಹೊತ್ತು ಬಿಟ್ಟು, ಬ್ಲೇಡಿನ ಬೆನ್ನಿನಿಂದ ಎತ್ತಿದರೆ, ಮೇಲಿನದು ಬಂತು. ಚಿರೋಟಿಯ ಪದರದ ಹಾಗೆ ಅದರ ಕೆಳಗಿನದೂ ಬಂತು. ತಳದಲ್ಲಿ ಮುದ್ರೆಯ ಶಾಯಿಯೆಲ್ಲ ಹರಡಿ ನೀಲಿ ಕೆಸರಾಗಿತ್ತು. ಪೆನ್ಸಿಲ್ ಚುಕ್ಕೆಗಳು ಮಾತ್ರ ನೀರಿಗೆ ಜಗ್ಗದೆ ಇದ್ದಲ್ಲೇ ಇದ್ದವು.

ಆಕೆ ಎದ್ದು ಹೋಗಿ ಇನ್ನೊಂದು ಬಕೆಟ್ಟು ನೀರು ತಂದರು.

ಆ ಶನಿವಾರ, ಭಾನುವಾರ, ಮುಂದಿನ ಶನಿವಾರ, ಭಾನುವಾರ ಅದೇ ಕೆಲಸ. ಉಗಾದಿಯೂ ಅದರೊಳಗೇ ಬಂದು ಹೋಯಿತು. ಬೇವುಬೆಲ್ಲವನ್ನು ಒದ್ದೆ ಕೈಯಲ್ಲೇ ಬಾಯಿಗೆ ಹಾಕಿಕೊಂಡೆವು. ಕಿಟಕಿಗಳಿಗೆ ಹಗ್ಗ ಕಟ್ಟಿ ಪುಸ್ತಕಗಳನ್ನು ತೆರೆದು ಒಣಹಾಕಿದ್ದೆವು. ಹರಿದು ಎಸೆದವು ಹೋದವು. ಅವುಗಳಲ್ಲಿ ಬಾಣಂತಿಯ ಆರೈಕೆಯೂ ಒಂದು. ಉಳಿದವುಗಳ ಚುಕ್ಕೆ ಎಣಿಸಿ ಆಕೆ ವರದಿ ಬರೆದರು. ಹೋದವುಗಳ ಬಗ್ಗೆ ಸುಳ್ಳು ಬರೆಯುವ ಹಾಗಿಲ್ಲವಲ್ಲ. ಅದಕ್ಕೆ ನಾವಿಬ್ಬರೂ ಕೂತು ಒಂದು ವಾಕ್ಯ ಕಟ್ಟಿದೆವು: 'ಅಧ್ಯಯನದ ಅವಧಿಯಲ್ಲಿ ಪುಸ್ತಕಗಳನ್ನು ತಂಡದ ಪರಿಶೀಲನೆಗೆಂದು ನಂಜನಗೂಡಿಗೆ ಸಾಗಿಸಿ ಚೀಟಿಗಳನ್ನು ಬದಲಾಯಿಸಿದ್ದರಿಂದ ಕೆಲವು ಪುಸ್ತಕಗಳ ದಾಖಲೆ ಉಳಿದಿಲ್ಲ.' ನನ್ನ ಜೀವನದಲ್ಲಿ ಅಷ್ಟು ಸರಳವಾದ, ಅಷ್ಟು ನಿಜವಾದ ವಾಕ್ಯ ಇನ್ನೊಂದು ಬರೆದಿಲ್ಲ.

ವರದಿ ಒಪ್ಪಿಸಲು ಇಬ್ಬರೂ ಕಾರ್ಯದರ್ಶಿಗಳ ಗಿರಣಿಯ ಕಚೇರಿಗೆ ಹೋದೆವು. ಪ್ರಾಂಶುಪಾಲರು ಮೊದಲೇ ಬಂದು ಕೂತಿದ್ದರು. ಕಾರ್ಯದರ್ಶಿಗಳು ಒಂದೊಂದೇ ಹಾಳೆ ಮಗುಚಿದರು. ಅಭಿನಂದನ ಗ್ರಂಥದ ಹಲ್ಲಿಯ ಚುಕ್ಕೆಯನ್ನೂ ದಾಟಿ ಹೋದರು. ಆ ವಾಕ್ಯದ ಹತ್ತಿರ ಬಂದಾಗ ಬೆರಳು ನಿಂತಿತು. ಭತ್ತದಲ್ಲಿ ಕಲ್ಲು ಸಿಕ್ಕಿತ್ತು.

"ಬೋ ಚೆನ್ನಾಗದೆ ತಾಯಿ. ಇದೊಂದ್ ಸಾಲು ಬ್ಯಾಡ."

"ವಿಷಯಕ್ಕೆ ಸಂಬಂಧ ಇಲ್ಲದ್ದು" ಎಂದು ಪ್ರಾಂಶುಪಾಲರು ಸೇರಿಸಿದರು. "ಸಂಶೋಧನೆ ಅಂದ್ಮೇಲೆ ಶಿಸ್ತು ಇರ್ಬೇಕು."

"ಅದ್ ಹೊಡ್ದಾಕು. ಕಾಯಂ ಆರ್ಡ್ರು ಇವತ್ತೇ ಟೈಪ್ ಮಾಡುಸ್ತೀನಿ. ಹೊಡಿಯಲ್ಲ ಅಂದ್ರೆ ಜೂನ್ಗೆ ನೋಡನ."

ಜೂನ್‌ಗೆ ನೋಡುವುದೆಂದರೆ ಏನೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಅವರ ಷಡ್ಡಕನ ಮಗಳು ಆಗ ತಾನೇ ಗ್ರಂಥಾಲಯದ ಕೋರ್ಸು ಮುಗಿಸಿದ್ದಳು.

ಹೊರಗೆ ತೌಡಿನ ರಾಶಿಯ ಪಕ್ಕ ನಿಂತು ನಾನು ಆಕೆಗೆ ಒಂದು ಉಪನ್ಯಾಸ ಕೊಟ್ಟೆ. ವಾಕ್ಯ ಹೊಡೆ ಎನ್ನುವವರು ನಾಳೆ ಪುಸ್ತಕ ಸುಡು ಎನ್ನುತ್ತಾರೆ, ಸಂಶೋಧನೆಯಲ್ಲಿ ಮುಚ್ಚಿಟ್ಟದ್ದೂ ಸುಳ್ಳೇ, ಇತ್ಯಾದಿ. ಚೆನ್ನಾಗಿಯೇ ಮಾತಾಡಿದೆ ಎಂದು ನೆನಪು. ಆಕೆ ಪೂರ್ತಿ ಕೇಳಿದರು.

"ನಿಮ್ದು ಸರ್ಕಾರದ ಸಂಬ್ಳದ ಕಾಯಂ ಪೋಸ್ಟು ಸಾ. ಸತ್ಯ ಯೋಳಿದ್ರೂ ಒಂದನೇ ತಾರೀಕು ದುಡ್ ಬತ್ತದೆ" ಎಂದರು. ಕುಹಕವಿರಲಿಲ್ಲ. ಹವಾಮಾನ ಹೇಳುವ ಹಾಗೆ ಹೇಳಿದರು. "ನಾನ್ ಹೋದ್ರೆ ಆ ಹುಡ್ಗಿ ಬತ್ತದೆ. ಬಂದಿದ್ ದಿನ್ವೇ ಹೊಸ ಬೀಗ ಬತ್ತವೆ."

ಒಳಗೆ ಹೋದರು. ನಾನು ಹಿಂದೆಯೇ ಹೋದೆ.

"ಹೊಡೀತೀನಿ ಸಾ. ಮೊದ್ಲು ಆರ್ಡ್ರು ಟೈಪ್ ಆಗ್ಲಿ. ಕುಂತಿರ್ತೀನಿ."

ಕಾರ್ಯದರ್ಶಿಗಳು ಹುಬ್ಬೇರಿಸಿದರು, ಆಮೇಲೆ ನಕ್ಕರು, ಗುಮಾಸ್ತನನ್ನು ಕರೆದರು. ಟೈಪು ಮುಗಿಯುವವರೆಗೆ ಆಕೆ ವರದಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಆದೇಶ ಬಂತು. ಆಕೆ ಓದಿದರು, ನಿಧಾನವಾಗಿ, ತುಟಿ ಆಡಿಸುತ್ತ. ಕೊನೆಯ ಸಾಲಿಗೆ ಬೆರಳಿಟ್ಟರು.

"ಸಾ, 'ಮುಂದಿನ ಆದೇಶದವರೆಗೆ' ಅಂತ ಅದೆ."

"ಅದು ಪದ್ಧತಿ ಕಣಮ್ಮ. ಎಲ್ಲಾದ್ರಲ್ಲೂ ಇರ್ತದೆ."

"ಪದ್ಧತೀಗೂ ವಿಷಯಕ್ಕೂ ಸಂಬಂಧ ಇಲ್ಲ ಸಾ. ನೀವೊಂದು ಹೊಡೀರಿ, ನಾನೊಂದು ಹೊಡೀತೀನಿ."

ಗಿರಣಿ ಹೊರಗೆ ಗುಡುಗುಡು ಅನ್ನುತ್ತಿತ್ತು. ಪ್ರಾಂಶುಪಾಲರು ಗೋಡೆಯ ಕ್ಯಾಲೆಂಡರನ್ನು ಅಧ್ಯಯನ ಮಾಡುತ್ತಿದ್ದರು. ಕಾರ್ಯದರ್ಶಿಗಳು ಆಕೆಯನ್ನು ಒಂದು ಗಳಿಗೆ ದಿಟ್ಟಿಸಿದರು, ಮುಷ್ಟಿಯಲ್ಲಿ ಹಿಡಿದು ನೋಡುವ ಆ ನೋಟ. ಆಮೇಲೆ ಪೆನ್ನಿನ ಮುಚ್ಚಳ ತೆಗೆದು ಆ ಎರಡು ಪದಗಳ ಮೇಲೆ ಗೆರೆ ಎಳೆದರು. ಪಕ್ಕದಲ್ಲಿ ಸಹಿ ಹಾಕಿ ಎಂದರು ಆಕೆ. ಹಾಕಿದರು. ಅದೇ ಪೆನ್ನು ತೆಗೆದುಕೊಂಡು ಆಕೆ ನಮ್ಮ ವಾಕ್ಯದ ಮೇಲೆ ಗೆರೆ ಎಳೆದರು. ಒಂದೇ ಗೆರೆ. ನಾನು ಕೋಪಕ್ಕೆ ಬೇರೆ ಕಡೆ ನೋಡಿದೆ.

ವರದಿ ನುಣುಪಾದ ಕಾಗದದಲ್ಲಿ ಅಚ್ಚಾಯಿತು, ಆ ವಾಕ್ಯವಿಲ್ಲದೆ. ಅದನ್ನು ತೋರಿಸಿ ಸಂಸ್ಥೆ ಒಳ್ಳೆಯ ಅಂಕ ಪಡೆಯಿತು. ವಾರ್ಷಿಕೋತ್ಸವದಲ್ಲಿ ಕಾರ್ಯದರ್ಶಿಗಳು ಸತ್ಯಾನ್ವೇಷಣೆಯ ಬಗ್ಗೆ ಮಾತಾಡಿದರು, ನಾನು ಮೊದಲ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಬೇಕಾಯಿತು. ತಟ್ಟಿದೆ. ಉದ್ದೇಶ ಈಡೇರಿದ ಕಾರಣ ಆಂತರಿಕ ಅನುದಾನವನ್ನು ನಿಲ್ಲಿಸಲಾಗಿದೆ ಎಂಬ ಸುತ್ತೋಲೆ ಅದೇ ವಾರ ಬಂತು. ನನಗೆ ಈಗಲೂ ಆ ಸುತ್ತೋಲೆಯ ಭಾಷೆ ನೆನಪಾದರೆ ಬಾಯಿ ತೊಳೆದುಕೊಳ್ಳಬೇಕೆನಿಸುತ್ತದೆ.

ಆ ವರ್ಷ ಮೇ ತಿಂಗಳಲ್ಲಿ ನರಸೀಪುರಕ್ಕೆ ಹೋದೆ. ವಾಕ್ಯ ಉಳಿಯಬೇಕಾಗಿತ್ತು ಎಂದು ಒಮ್ಮೆ ಬಿಡಿಸಿ ಹೇಳಬೇಕೆಂದಿದ್ದೆ, ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೇ ಹೋಗಿದ್ದೆ. ರಜೆಯ ಕಾಲೇಜು ಬಣಗುಡುತ್ತಿತ್ತು. ಗ್ರಂಥಾಲಯದ ಬಾಗಿಲು ಮಾತ್ರ ತೆರೆದಿತ್ತು. ಒಳಗೆ ನಾಲ್ಕಾರು ಮಕ್ಕಳು ಓದುತ್ತಿದ್ದರು. ಒಬ್ಬಳು ಬೆನ್ನು ಬಿಟ್ಟ ಗೇಣಿ ಕಾನೂನನ್ನು ಅಪ್ಪನಿಗೆ ಮೆಲ್ಲಗೆ ಓದಿ ಹೇಳುತ್ತಿದ್ದಳು. ಅವನು ಟವೆಲು ತೊಡೆಯ ಮೇಲಿಟ್ಟುಕೊಂಡು ಗೋಡೆಗೊರಗಿ ಕೇಳುತ್ತಿದ್ದ.

"ಏಪ್ರಿಲ್ ಸಂಬ್ಳ ಬಂತು ಸಾ" ಎಂದರು ಆಕೆ, ನನ್ನನ್ನು ಕಂಡ ಕೂಡಲೇ. ದನಿ ತಗ್ಗಿಸಿ, ಓದುವವರಿಗೆ ತೊಂದರೆಯಾಗದ ಹಾಗೆ. "ಕುಂತ್ಕಳಿ. ನೀರ್ ಕುಡೀತೀರಾ?"

ಕುಡಿಯುತ್ತೇನೆ ಎಂದೆ.